ಸುಣ್ಣ ಬಳಿಯೋ ಗೋಡೆ ಮೇಲೆ ಲೆಕ್ಕ ಬರೀಬೇಡಿ

ನಮ್ಮಜ್ಜಿ ಯಾರ ಮನೆಗೆ ಎಷ್ಟು ಹಾಲು ಹೋಯ್ತು ಅನ್ನೋ ಲೆಕ್ಕವನ್ನು ಅಡುಗೆಮನೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿಡುತ್ತಿದ್ದಳು. ಯುಗಾದಿಗೆ ಸುಣ್ಣ ಬಳಿದರೆ ಲೆಕ್ಕ ಮಾಯ. ಎರಡು ವರ್ಷ ಜಗಳ ಆಡಿ, ಮೂರನೇ ವರ್ಷ ಗೀಟುಗಳನ್ನು ಕ್ಯಾಲೆಂಡರಿಗೆ ಸಾಗಿಸಿದಳು. ಸುಣ್ಣದ ದಿನ ತೆಗೆದಿಡೋದು, ಒಣಗಿದ ಮೇಲೆ ಅದೇ ಮೊಳೆಗೆ ಹಾಕೋದು. ಅಷ್ಟೇ.

ಬಿಇ ಓದಿದ ನನಗೆ ಇದು ತಿಳಿಯಲು ಒಂದು ಸರ್ವರ್ ಕೆಡಬೇಕಾಯಿತು. ಆಫೀಸಿನ ವಿಪಿಎನ್ ಯಂತ್ರದಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡುವ ಸಾಲನ್ನು ಸಿಸ್‌ಸಿಟಿಎಲ್ ಡಾಟ್ ಕಾನ್ಫ್ ಫೈಲಿಗೇ ಸೇರಿಸಿದ್ದೆ. ರಾತ್ರಿ ಒಂದೂವರೆಗೆ, ಅಪ್‌ಗ್ರೇಡ್ ನಡುವೆ, ಹೊಸ ಫೈಲ್ ಹಾಕಲೇ ಅಂತ ಕೇಳಿತು. ನಿದ್ದೆಗಣ್ಣಲ್ಲಿ ವೈ ಒತ್ತಿದೆ. ರೀಬೂಟ್ ಆಯ್ತು. ಬೆಳಿಗ್ಗೆ ಮನೆಯಿಂದ ಕೆಲಸ ಮಾಡುವ ಒಬ್ಬರಿಗೂ ನೆಟ್‌ವರ್ಕ್ ಇಲ್ಲ. ತಪ್ಪು ನನ್ನದೇ.

ಆದರೆ ಈ ಪ್ರಶ್ನೆ ಕೇಳುವ ಪದ್ಧತಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಡೆಬಿಯನ್ನಿನ ಡಿಪಿಕೆಜಿ ನಿಜಕ್ಕೂ ಮರ್ಯಾದಸ್ಥ. ನೀವೂ ಫೈಲ್ ಬದಲಿಸಿ, ಪ್ಯಾಕೇಜೂ ಬದಲಿಸಿದ್ದರೆ ಮಾತ್ರ ಕೇಳುತ್ತದೆ. ಬರೀ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಆರ್‌ಪಿಎಂ ಕೇಳುವುದೂ ಇಲ್ಲ, ಪಕ್ಕದಲ್ಲಿ ಆರ್‌ಪಿಎಂನ್ಯೂ ಅಥವಾ ಆರ್‌ಪಿಎಂಸೇವ್ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಎರಡೂ ಕಾಯುವುದು ಫೈಲನ್ನು, ಅದರ ಪರಿಣಾಮವನ್ನಲ್ಲ. 2025ರಲ್ಲಿ ಬಂದ ಡೆಬಿಯನ್ 13 ನೋಡಿ. ಅದರಲ್ಲಿ ಸಿಸ್ಟಮ್‌ಡಿ ಈ ಸಿಸ್‌ಸಿಟಿಎಲ್ ಡಾಟ್ ಕಾನ್ಫ್ ಫೈಲನ್ನು ಓದುವುದೇ ಇಲ್ಲ. ನಿಮ್ಮ ಸಾಲು ಅಲ್ಲೇ ಭದ್ರವಾಗಿದ್ದರೂ ಕೇಳೋರಿಲ್ಲ!

ಹಾಗಾದರೆ ಕ್ಯಾಲೆಂಡರ್ ಯಾವುದು? ಡ್ರಾಪ್‌-ಇನ್ ಫೋಲ್ಡರ್. ಸಿಸ್‌ಸಿಟಿಎಲ್ ಡಾಟ್ ಡಿ ಒಳಗೆ ನಿಮ್ಮದೇ ಪುಟ್ಟ ಫೈಲ್ ಇಡಿ. ಸರ್ವಿಸ್‌ಗಳಿಗಾದರೆ ಸಿಸ್ಟಮ್‌ಸಿಟಿಎಲ್ ಎಡಿಟ್ ಆ ಕೆಲಸ ಮಾಡಿಕೊಡುತ್ತದೆ. ಪ್ಯಾಕೇಜು ತನ್ನ ಗೋಡೆಗೆ ಎಷ್ಟು ಬೇಕಾದರೂ ಸುಣ್ಣ ಬಳಿದುಕೊಳ್ಳಲಿ.

ಇಲ್ಲೂ ಒಂದು ತಕರಾರಿದೆ. ಒಬ್ಬೊಬ್ಬರದು ಒಂದೊಂದು ನಿಯಮ. ಸಿಸ್‌ಸಿಟಿಎಲ್‌ನಲ್ಲಿ ಕೊನೆಗೆ ಬಂದವನು ಗೆಲ್ಲುತ್ತಾನೆ, ಎಸ್‌ಎಸ್‌ಎಚ್‌ಡಿಯಲ್ಲಿ ಮೊದಲು ಬಂದವನು. ಅಲ್ಲಿ 99 ಅಂತ ಹೆಸರಿಟ್ಟು ಗೆದ್ದ ಫೈಲು ಇಲ್ಲಿ 50ರ ಎದುರು ಸೋಲುತ್ತದೆ. ಸುಡೋಯರ್ಸ್ ಡಾಟ್ ಡಿಯಲ್ಲಂತೂ ಹೆಸರಲ್ಲಿ ಚುಕ್ಕೆ ಇದ್ದರೆ ಫೈಲನ್ನೇ ಬಿಟ್ಟುಬಿಡುತ್ತದೆ. ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕಾದವನು ರಾತ್ರಿ ಒಂದೂವರೆಯ ನಾನು. ಈಟಿಸಿಕೀಪರ್ ಹಾಕಿದರೆ ಇಟಿಸಿ ಫೋಲ್ಡರಿನ ಬದಲಾವಣೆಯೆಲ್ಲ ಗಿಟ್‌ನಲ್ಲಿ ದಾಖಲಾಗುತ್ತದೆ. ಒಳ್ಳೆಯದೇ. ಆದರೆ ಅದೂ ಹೇಳೋದು ಏನು ಬದಲಾಯ್ತು ಅಂತ, ಏನು ನಡೀತಿದೆ ಅಂತ ಅಲ್ಲ.

ಅದಕ್ಕೇ ಈಗ ಅಪ್‌ಡೇಟ್ ಮುಗಿದ ಮೇಲೆ ಫೈಲ್ ತೆರೆದು ನೋಡಲ್ಲ, ಯಂತ್ರವನ್ನೇ ಕೇಳುತ್ತೇನೆ: ಫಾರ್ವರ್ಡಿಂಗ್ ಈಗ 1 ಇದೆಯಾ, 0 ಇದೆಯಾ? ಎಸ್‌ಎಸ್‌ಎಚ್‌ಡಿಗೆ ದೊಡ್ಡ ಟಿ ಆಯ್ಕೆ ಕೊಟ್ಟರೆ ಕೊನೆಗೆ ಲೆಕ್ಕಕ್ಕೆ ಬರುವ ಸೆಟ್ಟಿಂಗುಗಳನ್ನೆಲ್ಲ ಒಪ್ಪಿಸುತ್ತದೆ.

ಅಜ್ಜಿಯೂ ಕ್ಯಾಲೆಂಡರ್ ಮೊಳೆಗೆ ಹಾಕಿ ಸುಮ್ಮನಾಗುತ್ತಿರಲಿಲ್ಲ. ಹಾಲು ಕೊಂಡವರನ್ನು ಕರೆದು, ಅವರೆದುರೇ ಗೀಟು ಎಣಿಸುತ್ತಿದ್ದಳು.