ನಿಶೀಥಪ್ರಯೋಗವೂ ದೂರದರ್ಶನವೂ

ಭರತನು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಪ್ರಯೋಗಕ್ಕೆ ತಕ್ಕ ವೇಳೆಗಳನ್ನು ವಿವರಿಸುತ್ತ, ಮಧ್ಯಾಹ್ನ, ಸಂಧ್ಯೆ, ಭೋಜನಕಾಲಗಳೊಡನೆ ಅರ್ಧರಾತ್ರಿಯನ್ನೂ ನಿಷೇಧಿಸಿರುವನು. ಆದರೆ ಪ್ರಭುವಿನ ಆಜ್ಞೆಯಾದಲ್ಲಿ ದೇಶಕಾಲಗಳನ್ನು ಎಣಿಸತಕ್ಕುದಿಲ್ಲವೆಂದು ಅಪವಾದವೊಂದನ್ನೂ ಸೇರಿಸಿರುವನು. ದೂರದರ್ಶನದ ಚರಿತ್ರೆಯಲ್ಲಿ ಈ ನಿಷೇಧ, ಅಪವಾದಗಳೆರಡೂ ವಿಪರೀತಾರ್ಥವನ್ನು ತಾಳಿದುವು. ೧೯೮೧ರಲ್ಲಿ ಅಮೆರಿಕೆಯ ಯುಎಸ್‌ಎ ನೆಟ್‌ವರ್ಕ್ ಎಂಬ ವಾಹಿನಿಯು ಶುಕ್ರವಾರ ಶನಿವಾರಗಳ ನಡುರಾತ್ರಿಯಲ್ಲಿ ‘ನೈಟ್ ಫ್ಲೈಟ್’ ಎಂಬ ಕಾರ್ಯಕ್ರಮವನ್ನು ತೊಡಗಿಸಿ, ಕಿರುಚಿತ್ರ, ಗೀತಚಿತ್ರ, ಚಲಿಸುವ ರೇಖಾಚಿತ್ರಗಳೇ ಮೊದಲಾದ ನೂತನ ಪ್ರಯೋಗಗಳನ್ನು ೧೯೮೮ರ ವರೆಗೆ ತೋರಿಸಿತು. ಇಂಗ್ಲೆಂಡಿನಲ್ಲಿ ೧೯೮೨ರ ನವೆಂಬರಿನಲ್ಲಿ ಹುಟ್ಟಿದ ಚಾನೆಲ್ ಫೋರ್ ವಾಹಿನಿಯು ‘ದಿ ಇಲೆವೆಂತ್ ಅವರ್’ ಎಂಬ ಹೆಸರಿನಲ್ಲಿ ಸೋಮವಾರದ ರಾತ್ರಿಯನ್ನು ಇಂತಹ ಕೃತಿಗಳಿಗೆ ಬಿಟ್ಟುಕೊಟ್ಟಿತು. ಸಾಯಂಕಾಲದ ಹೊತ್ತಿಗೆ ಬೆಲೆ ಕಟ್ಟುವ ಜಾಹೀರಾತುದಾರರು ಆ ಅಪರಾತ್ರಿಯನ್ನು ಕೇಳುವವರಲ್ಲ. ಇಲ್ಲಿಯ ಪ್ರಭುವು ವರ್ತಕನು. ಅವನು ತನಗೆ ಬೇಡವಾದ ವೇಳೆಯನ್ನು ಬಿಟ್ಟುದೇ ಆಜ್ಞೆಯಾಯಿತು.

ಹೀಗಿರುವಲ್ಲಿ ಅಕಾಲದೋಷದಿಂದಲೇ ಈ ಕಲೆಯು ಜನರನ್ನು ಮುಟ್ಟಲಿಲ್ಲವೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ವಿಚಾರಕ್ಕೆ ನಿಲ್ಲತಕ್ಕುದಲ್ಲ. ಬೆಳಗಾವಿ ಸೀಮೆಯ ಆಟಗಳನ್ನೇ ನೋಡಬಹುದು. ಖಾನಾಪುರ ತಾಲೂಕಿನ ಪಾರಿಶ್ವಾಡದಂತಹ ಗ್ರಾಮದ ಪ್ರೇಕ್ಷಕನಿಗೆ ನಡುರಾತ್ರಿಯು ಅಕಾಲವೆಂದು ಯಾರು ಹೇಳಬೇಕು? ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಪ್ರಸಿದ್ಧಿಗೆ ಬಂದ ಶ್ರೀಕೃಷ್ಣ ಪಾರಿಜಾತವಾಗಲಿ, ಬೈಲಹೊಂಗಲದ ಸೀಮೆಯ ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟವಾಗಲಿ, ಜನರು ಉಂಡು ಬಂದು ಕುಳಿತ ಮೇಲೆ ಆರಂಭವಾಗಿ ಬೆಳಗಿನ ಜಾವವನ್ನು ಕಾಣುವ ಆಟಗಳು. ಪಾರಿಜಾತದಲ್ಲಿ ಭಾಗವತನು ರಂಗಕ್ಕೆ ಬಂದ ಪಾತ್ರವನ್ನು ನೀನಾರು, ಎಲ್ಲಿಂದ ಬಂದೆ ಎಂದು ಕೇಳುವನು; ಹಾಲು ಮೊಸರು ಮಾರುವ ಗೊಲ್ಲತಿಯೊಡನೆ ಸರಸವಾಡಿ ಸಭೆಯನ್ನು ನಗಿಸುವನು; ಮುಂದೆ ರುಕ್ಮಿಣೀ ಸತ್ಯಭಾಮೆಯರ ಪ್ರಸಂಗಕ್ಕೆ ಕೇಳುವವರ ಮನಸ್ಸನ್ನು ಹದಗೊಳಿಸುವನು. ಅಲ್ಲಿ ಅರ್ಧರಾತ್ರಿಯು ಬಿಡಿಯಾಗಿ ಬರುವುದಿಲ್ಲ. ಭಾಗವತನ ಕೈಹಿಡಿದು ಬರುತ್ತದೆ. ಆದುದರಿಂದ ಕೊರತೆಯು ವೇಳೆಯದಲ್ಲ, ಸೂತ್ರಧಾರನದು.

ಕಥೆಯಿಲ್ಲದ ಕಿರುಚಿತ್ರದಲ್ಲಿ ರಸವೆಲ್ಲಿಯದೆಂದು ಕೆಲವರು ಆಕ್ಷೇಪಿಸುವುದುಂಟು. ಅದಕ್ಕೆ ಆನಂದವರ್ಧನನು ಸಾವಿರ ವರ್ಷಗಳ ಹಿಂದೆಯೇ ಉತ್ತರವನ್ನು ಒದಗಿಸಿರುವನು. ಪ್ರಬಂಧದಲ್ಲಿ ಹೇಗೋ ಹಾಗೆಯೇ ಮುಕ್ತಕದಲ್ಲಿಯೂ ರಸವನ್ನು ಕಟ್ಟಲು ಬರುತ್ತದೆಂದು ಧ್ವನ್ಯಾಲೋಕದಲ್ಲಿ ಹೇಳಿ, ಅಮರುಕನನ್ನು ಉದಾಹರಿಸಿದನು. ಕಿರುಚಿತ್ರವು ದೃಶ್ಯಮುಕ್ತಕವೇ ಸರಿ. ಆದರೆ ಭೇದವೊಂದುಂಟು. ಅಮರುಕನ ಶ್ಲೋಕವನ್ನೋದುವವನಿಗೆ ಮಾನಿನಿಯಾರು, ಸಖಿಯಾರು, ಮುನಿಸೇತಕ್ಕೆ ಎಂಬ ಪ್ರಕರಣವು ಕವಿಸಮಯದಿಂದಲೇ ಹೊಳೆಯುತ್ತದೆ. ನೂತನ ಚಿತ್ರಕ್ಕೆ ಅಂತಹ ಪೂರ್ವಪರಿಚಯವಿಲ್ಲ. ತನ್ನ ಸಮಯವನ್ನು ತಾನೇ ನಿರ್ಮಿಸಿಕೊಳ್ಳಬೇಕು. ಹತ್ತು ನಿಮಿಷಗಳಲ್ಲಿ ಅದನ್ನೂ ಕಲಿಸಿ ರಸವನ್ನೂ ಉಣಿಸಬೇಕೆಂದರೆ ಕಾಳಿದಾಸನಿಗೂ ಕಷ್ಟವಾದೀತು.

ನೈಟ್ ಫ್ಲೈಟಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಅವರು ಬಿಡಿ ಗೀತಚಿತ್ರಗಳನ್ನು ಒಂದೊಂದು ವಿಷಯದ ಸೂತ್ರದಲ್ಲಿ ಪೋಣಿಸಿ, ತೆರೆಯ ಮೇಲೆ ಕಾಣಿಸದ ಒಂದು ಸ್ತ್ರೀಕಂಠದಿಂದ ಅವುಗಳ ಸಂಬಂಧವನ್ನು ಹೇಳಿಸಿದರು. ಇದು ಪೂರ್ವರಂಗವೇ. ದೋಷವೂ ಅಲ್ಲಿಯೇ ಇತ್ತು: ಸೂತ್ರಕ್ಕೆ ಹೊಂದಲೆಂದು ಕೃತಿಗಳನ್ನು ತುಂಡುಮಾಡಿ ತೋರಿಸುತ್ತಿದ್ದರು. ಮಾಲೆಗಾಗಿ ಹೂವಿನ ಎಸಳನ್ನು ಕೀಳುವುದು ಮಾಲೆಗಾರನ ಧರ್ಮವಲ್ಲ.

ಭಾರತದಲ್ಲಿ ಸಾಮಗ್ರಿಗೆ ಬಡತನವಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರವು ೧೯೮೧ರ ನವೆಂಬರ್ ೧ರಂದು ಸ್ಥಾಪಿತವಾಗುವ ಮುನ್ನವೇ, ೧೯೭೫ರಲ್ಲಿ, ಗಿರೀಶ ಕಾಸರವಳ್ಳಿಯವರು ಪುಣೆಯ ಚಲಚ್ಚಿತ್ರಶಾಲೆಯ ವಿದ್ಯಾರ್ಥಿಯಾಗಿ ‘ಅವಶೇಷ’ವನ್ನು ರಚಿಸಿದ್ದರು. ೧೯೮೨ರ ಮಣಿ ಕೌಲರ ‘ಧ್ರುಪದ್’ ಚಿತ್ರದಲ್ಲಿ ಡಾಗರ ಸಹೋದರರ ಕಂಠವೂ ರುದ್ರವೀಣೆಯೂ ಇವೆ. ಆಲಾಪವು ಸ್ವರದಿಂದ ಸ್ವರಕ್ಕೆ ಸರಿಯುವ ವಿಲಂಬದಲ್ಲಿಯೇ ಕ್ಯಾಮರಾ ಶಿಲೆಯ ಗೋಡೆಗಳ ಮೇಲೆ ಸರಿಯುತ್ತದೆ. ಇಲ್ಲಿ ಕಥೆಯನ್ನು ಹುಡುಕುವವನು ಬೇಸರಗೊಂಡು ಎದ್ದುಹೋಗುವನು. ಆಲಾಪವನ್ನು ಕೇಳುವ ಕಿವಿಯಿಂದಲೇ ಇದನ್ನು ನೋಡಬೇಕೆಂದು ಮೊದಲೇ ಯಾರಾದರೂ ಹೇಳಿದ್ದರೆ ಅವನೇ ಕುಳಿತಿರುವನು. ಬೆಳಗಾವಿ ಧಾರವಾಡಗಳ ಸೀಮೆಯಲ್ಲಿ ಅಂತಹ ಕಿವಿಗಳಿಗೆ ಬರಗಾಲವಿಲ್ಲ. ಕುಮಾರ ಗಂಧರ್ವರು ೧೯೨೪ರಲ್ಲಿ ಜನಿಸಿದುದು ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ. ಅವರನ್ನು ಕುರಿತು ಜಬ್ಬಾರ್ ಪಟೇಲರು ಮಾಡಿದ ‘ಹಂಸ ಅಕೇಲಾ’ ಚಿತ್ರವನ್ನು ಚಂದನ ವಾಹಿನಿಯು ರಾತ್ರಿ ಹನ್ನೊಂದಕ್ಕೆ ತೋರಿಸಿದರೂ ಅಡ್ಡಿಯಿಲ್ಲ. ಅದಕ್ಕೆ ಮುನ್ನ ಐದು ನಿಮಿಷ, ಬಲ್ಲವರೊಬ್ಬರು ಕನ್ನಡದಲ್ಲಿ, ಈ ಗಾಯಕನು ಈ ಸೀಮೆಯವನೆಂದೂ, ದೇವಾಸದಲ್ಲಿ ನೆಲಸಿ ಮಾಳವದ ಜನಪದ ಗೀತಗಳಿಂದ ಹೊಸ ರಾಗಗಳನ್ನು ಪಡೆದನೆಂದೂ, ನಡುವಣ ದೀರ್ಘರೋಗದ ಮೌನವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಣ ಗಾನವನ್ನು ಕೇಳಬೇಕೆಂದೂ ತಿಳಿಸಬೇಕು. ತಿಳಿಸಿದ ಮೇಲೆ ಸುಮ್ಮನಾಗಬೇಕು. ಚಿತ್ರವು ಮುಗಿಯುವ ತನಕ ನಡುವೆ ಬಾಯಿ ಹಾಕಕೂಡದು.