ಲೋಹಶೋಧಕದ ಪುಸ್ತಿಕೆಗಳು ಹೇಳದ ಭೌತವಿಜ್ಞಾನ

ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ ಜನ ಕಳೆದುಕೊಂಡ ನಾಣ್ಯ, ಉಂಗುರಗಳನ್ನು ಕಡಲತೀರ ಹಾಗೂ ಉದ್ಯಾನಗಳಲ್ಲಿ ಲೋಹಶೋಧಕ ಹಿಡಿದು ಹುಡುಕುವುದು ಜನಪ್ರಿಯ ಹವ್ಯಾಸ. ಯಾವ ಯಂತ್ರ ಕೊಳ್ಳಬೇಕೆಂದು ಹೇಳುವ ಮಾರ್ಗದರ್ಶಿಗಳಿಗೂ ತಯಾರಕರ ಪ್ರಚಾರ ಪುಸ್ತಿಕೆಗಳಿಗೂ ಕೊರತೆಯಿಲ್ಲ. ಇವುಗಳಲ್ಲಿ ಹೆಚ್ಚಿನವು ಮೂರು ಗುಣಗಳನ್ನು ಮುಂದಿಡುತ್ತವೆ: ಯಂತ್ರ ತಲಪುವ ಆಳ, ಬಳಸುವ ಆವೃತ್ತಿಗಳ ಸಂಖ್ಯೆ, ಚಿನ್ನವನ್ನು ಗುರುತಿಸುವ ಸಾಮರ್ಥ್ಯ. ಪಿಯುಸಿ ಮಟ್ಟದ ವಿದ್ಯುತ್ಕಾಂತತೆ ತಿಳಿದವರು ಈ ಮೂರನ್ನೂ ಒರೆಗೆ ಹಚ್ಚಬಹುದು. ಹಚ್ಚಿದಾಗ ಮೂರೂ ಮಂಕಾಗುತ್ತವೆ.

ತತ್ತ್ವ ಸರಳ. ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿಸಿದರೆ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಅದು ನೆಲದಲ್ಲಿರುವ ಲೋಹದಲ್ಲಿ ಸುಳಿಪ್ರವಾಹವನ್ನು ಪ್ರೇರೇಪಿಸುತ್ತದೆ. ಈ ಸುಳಿಪ್ರವಾಹದ ಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಳಸಿದ್ದು ಇಂಥದೇ ಉಪಕರಣ. ಗುಂಡು ಸಿಗಲಿಲ್ಲ, ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಅಡ್ಡಿಯಾದವು ಎನ್ನುತ್ತಾರೆ. ಹುಡುಕುವ ವಸ್ತುವಿಗಿಂತ ಅದರ ಸುತ್ತಲಿರುವುದೇ ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ಅಂದಿಗೂ ಇಂದಿಗೂ ಒಂದೇ.

ಮೊದಲಿಗೆ ಆಳ. ಸುರುಳಿಯ ತ್ರಿಜ್ಯಕ್ಕಿಂತ ಸಾಕಷ್ಟು ದೂರ ಹೋದ ಮೇಲೆ ಕಾಂತಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ನಾಣ್ಯದಿಂದ ಹಿಂದಿರುಗುವ ಕ್ಷೇತ್ರಕ್ಕೂ ಇದೇ ನಿಯಮ. ಹಾಗಾಗಿ ಸಂಜ್ಞೆಯು ದೂರದ ಆರನೆಯ ಘಾತಕ್ಕೆ ವಿಲೋಮ. 20 ಸೆಂಟಿಮೀಟರ್ ಆಳದ ನಾಣ್ಯವನ್ನು 40 ಸೆಂಟಿಮೀಟರ್‌ಗೆ ಇಳಿಸಿದರೆ ಸಂಜ್ಞೆ 64 ಪಟ್ಟು ಕುಗ್ಗುತ್ತದೆ. ಸುರುಳಿಯ ವಿದ್ಯುತ್ ಪ್ರವಾಹವನ್ನು ಇಮ್ಮಡಿಗೊಳಿಸಿದರೆ ಹೆಚ್ಚುವ ಆಳ ಶೇಕಡ 12 ಮಾತ್ರ. ‘ಹೆಚ್ಚು ಶಕ್ತಿಶಾಲಿ ಹೊಸ ಮಾದರಿ’ ಎಂಬ ಮಾತಿನ ಬೆಲೆ ಇಷ್ಟೇ. ದೊಡ್ಡ ಸುರುಳಿ ಹಾಕಿದರೆ ದೊಡ್ಡ ವಸ್ತುಗಳು ಇನ್ನಷ್ಟು ಆಳದಲ್ಲಿ ಸಿಗಬಹುದು. ಆದರೆ ಸಣ್ಣ ಉಂಗುರ ಕೈತಪ್ಪುತ್ತದೆ. ಯಾವ ನಾಣ್ಯ, ಯಾವ ಮಣ್ಣು, ಒಣಗಿತ್ತೆ, ತೇವವಿತ್ತೆ ಎಂದು ಹೇಳದೆ ಆಳವನ್ನಷ್ಟೇ ಮುದ್ರಿಸುವುದು ಏಕಮಾನವಿಲ್ಲದ ಅಳತೆಯಂತೆ.

ನಮ್ಮಲ್ಲಿ ಹವ್ಯಾಸದ ಶೋಧನೆ ಅಷ್ಟಾಗಿ ಇಲ್ಲ. ಆದರೆ ನಿಧಿಯಾಸೆಗೆ ಹಳೆಯ ಗುಡಿಗಳನ್ನು ಅಗೆಯುವವರಿದ್ದಾರೆ, ಹತ್ತು ಮೀಟರ್ ಆಳದ ಚಿನ್ನ ತೋರಿಸುವ ಯಂತ್ರವಿದೆಯೆಂದು ನಂಬುವವರೂ ಇದ್ದಾರೆ. ಮೇಲಿನ ನಿಯಮದಂತೆ 20 ಸೆಂಟಿಮೀಟರ್‌ನಿಂದ 10 ಮೀಟರ್‌ಗೆ ಹೋದರೆ ನಾಣ್ಯದ ಸಂಜ್ಞೆ ಸುಮಾರು 1,560 ಕೋಟಿ ಪಟ್ಟು ಕ್ಷೀಣಿಸುತ್ತದೆ. ಇಂಥ ನಂಬಿಕೆ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಇರಾಕಿನ ತಪಾಸಣಾ ಠಾಣೆಗಳಿಗೆ ಸ್ಫೋಟಕ ಪತ್ತೆಗೆಂದು ಮಾರಿದ ಎಡಿಇ 651 ಸಾಕ್ಷಿ. ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷಗಳ ಸೆರೆವಾಸ ವಿಧಿಸಿತು.

ಇನ್ನು ಚಿನ್ನದ ಗುರುತು. ಯಂತ್ರ ಅಳೆಯುವುದು ಪ್ರೇರಿತ ಸಂಜ್ಞೆಯ ಪ್ರಾವಸ್ಥೆಯನ್ನು. ಅದನ್ನು ನಿರ್ಧರಿಸುವುದು ಲೋಹದ ವಾಹಕತೆಯೊಂದೇ ಅಲ್ಲ. ವಸ್ತುವಿನ ಗಾತ್ರ, ದಪ್ಪ, ಆಕಾರಗಳೂ ಹೌದು. ಶುದ್ಧ ಚಿನ್ನದ ವಾಹಕತೆ ಅಲ್ಯೂಮಿನಿಯಂಗಿಂತ ತುಸುವೇ ಹೆಚ್ಚು; ಒಡವೆಯ ಮಿಶ್ರಲೋಹದಲ್ಲಿ ಅದು ಬಹಳ ಇಳಿಯುತ್ತದೆ. ಆದ್ದರಿಂದ ತೆಳು ಉಂಗುರ, ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಕೊಂಡಿ, ತಾಮ್ರ ಮತ್ತು ನಿಕಲ್ ಬೆರೆತ ಅಮೆರಿಕದ ಐದು ಸೆಂಟ್ ನಾಣ್ಯ ಇವೆಲ್ಲ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ವಲಯದಲ್ಲಿ ಬೀಳುತ್ತವೆ. ಕೊಂಡಿ ಬೇಡವೆಂದು ಆ ವಲಯವನ್ನು ಮುಚ್ಚಿದವನು ಉಂಗುರವನ್ನೂ ಬಿಟ್ಟುಬರುತ್ತಾನೆ.

ಕಡಲತೀರದ ವಿಷಯ ಹೆಚ್ಚು ಸ್ವಾರಸ್ಯಕರ. ಸಮುದ್ರದ ನೀರಿನ ವಾಹಕತೆ ತಾಮ್ರಕ್ಕಿಂತ ಒಂದು ಕೋಟಿ ಪಟ್ಟಿಗೂ ಕಡಿಮೆ. ಆದರೆ ಸುರುಳಿಯ ಕೆಳಗೆ ನಾಣ್ಯ ಒಂದಾದರೆ ತೇವದ ಮರಳು ರಾಶಿ. ಒಂದೇ ಆವೃತ್ತಿಯ ಯಂತ್ರ ಅಲ್ಲಿ ಸುಮ್ಮನೆ ಅರಚುತ್ತದೆ. ಇದಕ್ಕೆ ಪರಿಹಾರ ಎರಡು ಆವೃತ್ತಿಗಳಲ್ಲೇ ಇದೆ. 1990ರ ದಶಕದ ಫಿಷರ್ ಸಿಜೆಡ್ ಮಾದರಿಗಳು 5 ಮತ್ತು 15 ಕಿಲೊಹರ್ಟ್ಸ್ ಬಳಸುತ್ತಿದ್ದವು. ಪ್ರಸಾರಿತ ಕ್ಷೇತ್ರಕ್ಕೆ ಹೋಲಿಸಿದರೆ ಉಪ್ಪುನೀರಿನ ಸಂಜ್ಞೆ ಆವೃತ್ತಿಗೆ ನೇರ ಅನುಪಾತದಲ್ಲಿರುತ್ತದೆ. 15 ಕಿಲೊಹರ್ಟ್ಸ್ ಸಂಜ್ಞೆಯ ಮೂರನೆಯ ಒಂದು ಭಾಗವನ್ನು 5 ಕಿಲೊಹರ್ಟ್ಸ್ ಸಂಜ್ಞೆಯಿಂದ ಕಳೆಯಿರಿ: ಉಪ್ಪು ಮಾಯ, ನಾಣ್ಯ ಉಳಿಯುತ್ತದೆ, ಏಕೆಂದರೆ ನಾಣ್ಯದ ಸಂಜ್ಞೆ ಆ ಅನುಪಾತದಲ್ಲಿ ಬೆಳೆಯುವುದಿಲ್ಲ. ಮೈನ್‌ಲ್ಯಾಬ್‌ನ ಎಕ್ಸ್‌ಪ್ಲೋರರ್ ಮಾದರಿಗಳು ‘28 ಆವೃತ್ತಿಗಳು’ ಎಂದು ಸಾರಿಕೊಂಡವು. ಒಳ್ಳೆಯ ಯಂತ್ರಗಳೇ, ಆದರೆ ಒಂದು ಅಜ್ಞಾತವನ್ನು ನಿವಾರಿಸಲು 28 ಸಮೀಕರಣಗಳು ಬೇಕಿಲ್ಲ. ಯಾವ ಪುಸ್ತಿಕೆಯೂ ಒತ್ತಿ ಹೇಳದ ಮಾತು ಬೇರೆಯೇ ಇದೆ: ತೆಳುವಾದ ಚಿನ್ನದ ಸರ ಈ ಆವೃತ್ತಿಗಳಲ್ಲಿ ಉಪ್ಪುನೀರಿನಂತೆಯೇ ವರ್ತಿಸುತ್ತದೆ. ಉಪ್ಪಿನೊಡನೆ ಅದೂ ಕಳೆದುಹೋಗುತ್ತದೆ.

ಸ್ಪಂದ ಪ್ರೇರಣೆಯ ಯಂತ್ರಗಳಿಗೂ ಈ ಸಂಕಟ ತಪ್ಪಿದ್ದಲ್ಲ. ಇವು ಪ್ರವಾಹವನ್ನು ಥಟ್ಟನೆ ನಿಲ್ಲಿಸಿ, ಕೆಲವು ಮೈಕ್ರೊಸೆಕೆಂಡ್ ಕಾದು ಆಲಿಸುತ್ತವೆ. ಅಷ್ಟರಲ್ಲಿ ಉಪ್ಪಿನ ಸಂಜ್ಞೆ ಅಳಿಯುತ್ತದೆ, ತೆಳು ಸರದ್ದೂ ಅಳಿಯುತ್ತದೆ. ಕಾಯುವ ಅವಧಿಯನ್ನು ತಗ್ಗಿಸಿದರೆ ಉಪ್ಪು ಮತ್ತೆ ಕೇಳಿಸುತ್ತದೆ. ಆದರೂ ತೇವದ ಮರಳಿಗೆ ನನ್ನ ಆಯ್ಕೆ ಇದೇ, ಇಲ್ಲವೇ ಎರಡು ಆವೃತ್ತಿಯದು. ಕಬ್ಬಿಣದ ಮೊಳೆಯನ್ನು ಬಿಟ್ಟುಬಿಡುವ ವಿವೇಚನೆ ಇದಕ್ಕೆ ಕಡಿಮೆ. ಮರಳು ಅಗೆಯಲು ಸುಲಭವಾದ್ದರಿಂದ ಅದನ್ನು ಸಹಿಸಬಹುದು.

ಉದ್ಯಾನದಲ್ಲಿ ಸಹಿಸಲಾಗದು. ಅಲ್ಲಿ ಪ್ರತಿ ಗುಂಡಿಯೂ ಹುಲ್ಲಿಗೆ ಗಾಯ. ಅಲ್ಲಿನ ತೊಡಕು ಉಪ್ಪಲ್ಲ, ಕಸ. ಆಳ ಕಡಿಮೆಯಾದರೂ ಪಕ್ಕಪಕ್ಕದ ವಸ್ತುಗಳನ್ನು ಬೇರ್ಪಡಿಸುವ ಸಣ್ಣ ಸುರುಳಿಯ, ಒಂದೇ ಆವೃತ್ತಿಯ ಅಗ್ಗದ ಯಂತ್ರ ಸಾಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಂತೂ ಲೋಹಶೋಧಕ ಒಯ್ಯುವುದೇ ನಿಷಿದ್ಧ. ಇಲ್ಲಿ ‘ಕಬ್ಬಿಣ ಬೇಡ’ ಎಂಬ ಗುಂಡಿಯನ್ನೂ ಪೂರ್ತಿ ನಂಬುವಂತಿಲ್ಲ. ಬ್ರಿಟನ್ನಿನ ಒಂದು ಮತ್ತು ಎರಡು ಪೆನ್ಸ್ ನಾಣ್ಯಗಳು 1992ರಿಂದ ತಾಮ್ರ ಲೇಪಿಸಿದ ಉಕ್ಕಿನವು. ನಮ್ಮ ಒಂದು ರೂಪಾಯಿಯೂ ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲು. ಇಂಥ ನಾಣ್ಯವನ್ನು ಯಂತ್ರ ಏನೆಂದು ಓದುತ್ತದೆ ಎಂಬುದು ಅದು ಮಣ್ಣಿನಲ್ಲಿ ಮಲಗಿದೆಯೋ ನಿಂತಿದೆಯೋ ಎಂಬುದನ್ನೂ ಅವಲಂಬಿಸುತ್ತದೆ.