ಕೊತ್ತಂಬರಿ ಕೀಳುವ ಹೊತ್ತು

ಸಾರಿನ ಪುಡಿಗೆಂದು ಕೊತ್ತಂಬರಿ ಬೀಜ ಕೊಳ್ಳುವಾಗ ಬಹಳಷ್ಟು ಮಂದಿ ಹಸಿರು ಛಾಯೆಯ ಕಾಳನ್ನೇ ಆರಿಸುತ್ತಾರೆ. ರಾಜಸ್ಥಾನದ ರಾಮಗಂಜ್ ಮಂಡಿಯಂಥ ದೊಡ್ಡ ಮಾರುಕಟ್ಟೆಗಳಲ್ಲೂ ಬಾದಾಮಿ, ಈಗಲ್, ಸ್ಕೂಟರ್ ಎಂದು ದರ್ಜೆ ಏರಿದಂತೆ ಹಸಿರೂ ಏರುತ್ತದೆ, ಬೆಲೆಯೂ ಏರುತ್ತದೆ. ಆ ಬೆಲೆಗಾಗಿ ಬೆಳೆಯನ್ನು ಬೇಗ ಕೀಳುವ ರೂಢಿ ಬಂದಿದೆ. ಇದು ಅಡುಗೆಗೆ ಮಾಡುವ ಅನ್ಯಾಯವೆಂದೇ ನಾನು ಹೇಳುತ್ತೇನೆ.

ಗಿಡದಲ್ಲಿರುವ ಎಳೆ ಕಾಯಿಯೊಂದನ್ನು ಉಗುರಿನಿಂದ ಚಿವುಟಿ ನೋಡಿ. ಬರುವುದು ಸೊಪ್ಪಿನದೇ ವಾಸನೆ, ಇನ್ನಷ್ಟು ಕಟುವಾಗಿ. ತಿಗಣೆ ನಾತವೆಂದು ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ಕಾಯಿಯ ಹೊರಮೈ ನಾಳಗಳಲ್ಲಿರುವ ಆಲ್ಡಿಹೈಡ್‌ಗಳು ಇದಕ್ಕೆ ಕಾರಣ. ಕಾಯಿ ಬಲಿತು ಒಣಗುತ್ತ ಬಂದಂತೆ ಈ ನಾಳಗಳು ಸೊರಗುತ್ತವೆ. ಕಾಳಿನ ಎರಡು ಹೋಳುಗಳು ಕೂಡುವ ಕಡೆಯ ಒಳನಾಳಗಳು ಉಳಿಯುತ್ತವೆ. ಅಲ್ಲಿರುವ ಎಣ್ಣೆಯಲ್ಲಿ ಲಿನಲೂಲ್‌ನದೇ ಮೇಲುಗೈ, ಸಾಮಾನ್ಯವಾಗಿ ಶೇ. 60ರಿಂದ 70. ನಾವು ಇಷ್ಟಪಡುವ ಆ ಸಿಹಿ ಘಮ ಅದರದು. ನಮ್ಮ ದಪ್ಪ ಕಾಳಿನ ತಳಿಗಳಲ್ಲಿ ಎಣ್ಣೆಯೇ ಕಡಿಮೆ, ಅನೇಕ ವೇಳೆ ಶೇ. ಅರ್ಧವೂ ಇರುವುದಿಲ್ಲ. ಇರುವಷ್ಟನ್ನೂ ಬಲಿಯಲು ಬಿಡದಿದ್ದರೆ ಪುಡಿಯಲ್ಲಿ ಏನು ಉಳಿದೀತು?

ಹಾಗೆಂದು ಗಿಡ ಪೂರ್ತಿ ಒಣಗುವ ತನಕ ಕಾಯುವಂತೆಯೂ ಇಲ್ಲ. ನಡುವಿನ ಗೊಂಚಲು ಮೊದಲು ಬಲಿಯುತ್ತದೆ, ಪಕ್ಕದ ಕವಲುಗಳದ್ದು ತಡ. ಕೊನೆಯದಕ್ಕೆ ಕಾದರೆ ಮೊದಲನೆಯದು ನೆಲದ ಪಾಲು. ಅತಿಯಾಗಿ ಒಣಗಿ ಎರಡು ಹೋಳಾದ ಕಾಳಿನಲ್ಲಿ ಒಳನಾಳ ತೆರೆದುಕೊಂಡು ಎಣ್ಣೆಯೂ ಆರಿಹೋಗುತ್ತದೆ. ಎರೆಹೊಲದಲ್ಲಿ ಹಿಂಗಾರಿಗೆ ಹವೀಜ (ಕೊತ್ತಂಬರಿ) ಬೆಳೆಯುವವರು ಇಬ್ಬನಿ ಆರುವ ಮೊದಲೇ ಕೀಳುವುದರಲ್ಲಿ ದೊಡ್ಡ ವಿವೇಕವಿದೆ: ತೇವವಿದ್ದಾಗ ಕಾಳು ಉದುರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕಾಯಿ ಹಳದಿಗೆ ತಿರುಗಿದಾಗ ಕಿತ್ತು ನೆರಳಿನಲ್ಲಿ ಒಣಗಿಸಿದರೆ ತೂಕವೂ ಸಿಗುತ್ತದೆ, ಪರಿಮಳವೂ ಉಳಿಯುತ್ತದೆ. ನೆರಳಲ್ಲಿ ಒಣಗಿದ ಕಾಳು ಅಷ್ಟು ಬೇಗ ಬಿಳಿಚಿಕೊಳ್ಳುವುದೂ ಇಲ್ಲ. ಬಣ್ಣಕ್ಕಾಗಿ ಎಳೆಯದನ್ನು ಕೀಳಬೇಕಾದ ಅಗತ್ಯವೇ ಅರ್ಧ ತಪ್ಪುತ್ತದೆ.

ಸೊಪ್ಪಿನ ಲೆಕ್ಕ ಬೇರೆ, ಸುಲಭ. ಬಿತ್ತಿದ 30ರಿಂದ 45 ದಿನಗಳಲ್ಲಿ, ಎಲೆ ಅಗಲವಾಗಿರುವಾಗಲೇ ಕೀಳಬೇಕು. ದಂಟು ಎದ್ದು ಎಲೆ ಸಬ್ಬಸಿಗೆಯಂತೆ ಸೀಳಿತೆಂದರೆ ಕಾಲ ಮೀರಿತು.

ರೈತರನ್ನು ದೂರಿ ಪ್ರಯೋಜನವಿಲ್ಲ. ಬಣ್ಣಕ್ಕೆ ದುಡ್ಡು ಕೊಡುತ್ತಿರುವವರು ನಾವು. ಮುಂದಿನ ಸಲ ಅಂಗಡಿಯಲ್ಲಿ ನಾಲ್ಕು ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಬಣ್ಣ ತುಸು ಕಂದಾಗಿದ್ದರೂ ಸರಿ, ಘಮ್ಮೆನ್ನುವುದನ್ನೇ ಕೊಳ್ಳಿ.